‘ಕೊಳ್ಳುವುದೇ ಮತ’ ಎಂಬ ರೂಪಕ: ವಿಡಿಯೋ ಆಟಗಳ ಪ್ರಕಾಶನವನ್ನು ಕುರಿತು ಒಂದು ವಿಮರ್ಶೆ

೧

ವಿಡಿಯೋ ಆಟಗಳನ್ನು ಕುರಿತ ಚರ್ಚೆಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಉಕ್ತಿಯುಂಟು. ಪ್ರಕಾಶಕರ ನಡೆವಳಿಕೆ ಸರಿಯಿಲ್ಲವೆಂದು ಯಾರಾದರೂ ದೂರಿದರೆ, ‘ಹಾಗಿದ್ದರೆ ಕೊಳ್ಳಬೇಡಿ, ನಿಮ್ಮ ಹಣವೇ ನಿಮ್ಮ ಮತ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರದಲ್ಲಿ ಎರಡು ಮಾತುಗಳು ಅಡಗಿವೆ. ಕೊಳ್ಳುವವನ ಆಯ್ಕೆಯು ಪ್ರಕಾಶಕನ ನಡೆವಳಿಕೆಯನ್ನು ತಿದ್ದಬಲ್ಲುದು ಎಂಬುದು ಒಂದು. ತಿದ್ದದೆ ಉಳಿದಲ್ಲಿ ತಪ್ಪು ಕೊಂಡವನದೇ ಎಂಬುದು ಇನ್ನೊಂದು. ಮೊದಲನೆಯದು ವಸ್ತುಸ್ಥಿತಿಯನ್ನು ಕುರಿತ ಪ್ರತಿಜ್ಞೆ. ಎರಡನೆಯದು ನ್ಯಾಯಾನ್ಯಾಯವನ್ನು ಕುರಿತ ತೀರ್ಪು. ಮೊದಲನೆಯದು ನಿಂತರೆ ಮಾತ್ರ ಎರಡನೆಯದಕ್ಕೆ ನೆಲೆಯುಂಟು. ಆದರೆ ವಾಡಿಕೆಯಲ್ಲಿ ಮೊದಲನೆಯದನ್ನು ಪರೀಕ್ಷಿಸದೆಯೇ ಎರಡನೆಯದನ್ನು ಹೊರಿಸಿಬಿಡುವುದು ಕಂಡುಬರುತ್ತದೆ.

ಪ್ರಕೃತ ಪ್ರಬಂಧದಲ್ಲಿ ನಾವು ಈ ಉಕ್ತಿಯನ್ನು ಪರೀಕ್ಷೆಗೆ ಒಡ್ಡುತ್ತೇವೆ. ವಿಮರ್ಶೆಗೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ‘ಕೊಳ್ಳುವುದೇ ಮತ’ ಎಂಬುದು ಒಂದು ರೂಪಕ. ರೂಪಕವು ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದದು ಎಂಬುದನ್ನು ನಿರ್ಣಯಿಸುವುದು ವಿಮರ್ಶಕನ ನಿತ್ಯದ ಕೆಲಸ. ಅಲ್ಲದೆ, ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಅನೇಕರು ಈ ಆಟಗಳಿಗಾಗಿ ಹೊತ್ತನ್ನೂ ಹಣವನ್ನೂ ವಿನಿಯೋಗಿಸುತ್ತಿದ್ದಾರೆ. ತಮ್ಮ ಕೈಯಲ್ಲಿ ಎಷ್ಟು ಬಲವಿದೆ, ಎಷ್ಟಿಲ್ಲ ಎಂಬುದನ್ನು ಅವರು ಸರಿಯಾಗಿ ಅರಿತಿರುವುದು ಒಳಿತು.

೨

ಮೊದಲು ಪೂರ್ವಪಕ್ಷವನ್ನು ಅದಕ್ಕೆ ಸಲ್ಲತಕ್ಕ ಗೌರವದೊಡನೆ ಮಂಡಿಸೋಣ. ಈ ರೂಪಕ ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಅರ್ಥಶಾಸ್ತ್ರಜ್ಞರಾದ ಲುಡ್ವಿಗ್ ಫಾನ್ ಮೀಸೆಸ್ ಮೊದಲಾದವರು ಗ್ರಾಹಕನು ವೆಚ್ಚಮಾಡುವ ಪ್ರತಿಯೊಂದು ಕಾಸನ್ನೂ ಮತಪತ್ರಕ್ಕೆ ಹೋಲಿಸಿದ್ದರು. ವಿಲಿಯಂ ಹ್ಯಾರಲ್ಡ್ ಹಟ್ ಅವರು ೧೯೩೬ರ ತಮ್ಮ ಗ್ರಂಥದಲ್ಲಿ ‘ಗ್ರಾಹಕ ಪ್ರಭುತ್ವ’ ಎಂಬ ಪರಿಭಾಷೆಗೆ ಪ್ರಚಾರ ತಂದರು. ಏನನ್ನು, ಎಷ್ಟು, ಹೇಗೆ ತಯಾರಿಸಬೇಕೆಂಬುದನ್ನು ಅಂತಿಮವಾಗಿ ನಿರ್ಧರಿಸುವವನು ಕೊಳ್ಳುವವನೇ ಎಂಬುದು ಈ ಪಕ್ಷದ ತಾತ್ಪರ್ಯ.

ವಿಡಿಯೋ ಆಟಗಳ ಚರಿತ್ರೆಯಲ್ಲಿ ಇದಕ್ಕೆ ಬಲವಾದ ಸಾಕ್ಷ್ಯಗಳಿವೆ. ಅಮೆರಿಕದಲ್ಲಿ ಮನೆಗಳಲ್ಲಿ ಆಡುವ ವಿಡಿಯೋ ಆಟಗಳ ವಹಿವಾಟು ೧೯೮೩ರ ವೇಳೆಗೆ ಸುಮಾರು ೩೨೦ ಕೋಟಿ ಡಾಲರುಗಳಷ್ಟಿದ್ದುದು ೧೯೮೫ರ ಹೊತ್ತಿಗೆ ಸುಮಾರು ೧೦ ಕೋಟಿಗೆ ಇಳಿಯಿತು. ಅಂಗಡಿಗಳಲ್ಲಿ ಕಳಪೆ ಆಟಗಳು ತುಂಬಿಹೋಗಿದ್ದುವು. ಜನ ಕೊಳ್ಳುವುದನ್ನು ನಿಲ್ಲಿಸಿದರು. ಅಟಾರಿ ಸಂಸ್ಥೆ ೧೯೮೩ರಲ್ಲಿ ತನ್ನ ಮಾರಾಟವಾಗದ ಸರಕನ್ನು ನ್ಯೂ ಮೆಕ್ಸಿಕೋದ ಆಲಮಗೋರ್ಡೋ ಊರಿನ ಕಸದ ಗುಂಡಿಯಲ್ಲಿ ಹೂಳಿತು. ೨೦೧೪ರಲ್ಲಿ ಆ ಗುಂಡಿಯನ್ನು ಅಗೆದಾಗ ಆಟದ ಕಾರ್ಟ್ರಿಜ್‌ಗಳು ಹೊರಬಂದುವು. ಈಚಿನ ಉದಾಹರಣೆ ಬೇಕೆಂದರೆ, ಸೋನಿ ಸಂಸ್ಥೆ ೨೦೨೪ರ ಆಗಸ್ಟ್ ೨೩ರಂದು ಬಿಡುಗಡೆಮಾಡಿದ ‘ಕಾನ್‌ಕಾರ್ಡ್’ ಎಂಬ ಆಟವನ್ನು ಕೊಳ್ಳುವವರು ಬಾರದ ಕಾರಣ ಸೆಪ್ಟೆಂಬರ್ ೬ರಂದೇ ಮುಚ್ಚಿ, ಕೊಂಡವರಿಗೆ ಹಣವನ್ನು ಹಿಂತಿರುಗಿಸಬೇಕಾಯಿತು. ಹೀಗಿರುವಲ್ಲಿ, ಗ್ರಾಹಕನ ಆಯ್ಕೆಗೆ ಬಲವೇ ಇಲ್ಲವೆಂದು ಹೇಳುವುದು ಪ್ರತ್ಯಕ್ಷಕ್ಕೆ ವಿರುದ್ಧ.

ಬಲವಿದೆಯೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಬಲವಿರುವುದು ಬೇರೆ, ಆ ಬಲ ನಾವು ಬಯಸಿದ ದಿಕ್ಕಿನಲ್ಲಿ ಕೆಲಸಮಾಡುವುದು ಬೇರೆ. ೧೯೮೩ರ ಕುಸಿತದ ಫಲವೇನೆಂಬುದನ್ನು ನೋಡಬೇಕು. ೧೯೮೫ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ನಿಂಟೆಂಡೊ ಸಂಸ್ಥೆ ತನ್ನ ಯಂತ್ರದಲ್ಲಿ ಒಂದು ಬೀಗದ ಚಿಪ್ಪನ್ನು ಅಳವಡಿಸಿ, ತನ್ನ ಅನುಮತಿಯಿಲ್ಲದ ಆಟ ಅದರಲ್ಲಿ ನಡೆಯದಂತೆ ಮಾಡಿತು. ಪರವಾನಗಿ ಪಡೆದ ಪ್ರಕಾಶಕರು ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟಗಳನ್ನು ತರಕೂಡದೆಂದು ಕಟ್ಟುಪಾಡು ಹಾಕಿತು. ಕಳಪೆ ಆಟ ಬೇಡವೆಂದ ಗ್ರಾಹಕನಿಗೆ ಉತ್ತಮ ಆಟಗಳು ದೊರೆತುವು, ನಿಜ. ಜೊತೆಗೆ ಅವನು ಕೇಳದಿದ್ದ ಬೀಗವೂ ದೊರೆಯಿತು. ಕೊಳ್ಳದಿದ್ದವರು ‘ಬೇಡ’ ಎಂದರೇ ಹೊರತು, ಏನು ಬೇಕೆಂಬುದನ್ನು ಹೇಳಲಿಲ್ಲ. ಅದನ್ನು ನಿರ್ಧರಿಸಿದವರು ಮಾರುವವರೇ.

೩

ಇಲ್ಲಿಂದ ನಾವು ರೂಪಕದ ಪರೀಕ್ಷೆಗೆ ಬರುತ್ತೇವೆ. ಉಪಮೇಯದ ಮೇಲೆ ಉಪಮಾನವನ್ನು ಆರೋಪಿಸಬೇಕಾದರೆ ಎರಡಕ್ಕೂ ಸಮಾನವಾದ ಧರ್ಮವಿರಬೇಕೆಂಬುದು ಅಲಂಕಾರಶಾಸ್ತ್ರದ ಮೊದಲ ಪಾಠ. ಮತಕ್ಕೂ ಖರೀದಿಗೂ ಸಮಾನವಾದ ಧರ್ಮವೆಂದರೆ ಆಯ್ಕೆ. ಅಷ್ಟರಮಟ್ಟಿಗೆ ರೂಪಕ ಸಾಧುವೇ. ಆದರೆ ಮತಕ್ಕೆ ಅಧಿಕಾರವನ್ನು ತಂದುಕೊಡುವ ಧರ್ಮಗಳು ಇನ್ನು ಮೂರಿವೆ. ಅವು ಮೂರೂ ಖರೀದಿಯಲ್ಲಿ ಕಾಣವು.

ಮತದಲ್ಲಿ ಎಣಿಕೆ ಸಮ; ಒಬ್ಬನಿಗೆ ಒಂದೇ. ಖರೀದಿಯಲ್ಲಿ ಹಾಗಿಲ್ಲ. ಪುಕ್ಕಟೆಯಾಗಿ ಆಡಲು ಕೊಟ್ಟು ಆಟದೊಳಗೆ ಸರಕು ಮಾರುವ ಪದ್ಧತಿಯಲ್ಲಿ ಈ ಅಸಮತೆ ಎದ್ದುಕಾಣುತ್ತದೆ. ಸ್ವರ್ವ್ ಎಂಬ ಸಂಸ್ಥೆ ೨೦೧೪ರಲ್ಲಿ ಪ್ರಕಟಿಸಿದ ವರದಿಯಂತೆ, ಮೊಬೈಲ್ ಆಟಗಳ ಇಂಥ ಆದಾಯದಲ್ಲಿ ಅರ್ಧದಷ್ಟು ಬಂದುದು ಆಟಗಾರರಲ್ಲಿ ನೂರಕ್ಕೆ ೦.೧೫ ಮಂದಿಯಿಂದ, ಎಂದರೆ ಹತ್ತು ಸಾವಿರ ಜನರಲ್ಲಿ ಹದಿನೈದು ಮಂದಿಯಿಂದ. ಉಳಿದ ಒಂಬತ್ತು ಸಾವಿರದ ಒಂಬೈನೂರ ಎಂಬತ್ತೈದು ಮಂದಿಯಲ್ಲಿ ಬಹುಪಾಲು ಜನ ಕಾಸನ್ನೇ ಕೊಡದವರು. ಕೊಡದವನಿಗೆ ‘ಕೊಳ್ಳಬೇಡ’ ಎಂದು ಉಪದೇಶಿಸಿ ಫಲವೇನು? ಇಂಥ ವ್ಯವಹಾರದಲ್ಲಿ ಪ್ರಕಾಶಕನು ಕಿವಿಗೊಡುವುದು ಆ ಹದಿನೈದು ಮಂದಿಯ ಚಪಲಕ್ಕೆ. ಅವರೆಲ್ಲರೂ ಸಿರಿವಂತರೆಂದಾಗಲಿ, ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳಬಲ್ಲವರೆಂದಾಗಲಿ ಭಾವಿಸಲು ಆಧಾರವಿಲ್ಲ.

ಮತದಾರನು ಅಭ್ಯರ್ಥಿಯನ್ನು ಅರಿತು ಮತ ಹಾಕುತ್ತಾನೆ, ಇಲ್ಲವೆ ಅರಿಯಲು ಅವನಿಗೆ ಅವಕಾಶವಿರುತ್ತದೆ. ಆಟವನ್ನು ಕೊಳ್ಳುವವನು ಎಷ್ಟೋ ವೇಳೆ ಅದನ್ನು ಕಾಣುವ ಮೊದಲೇ ಹಣ ತೆತ್ತಿರುತ್ತಾನೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಸಂಸ್ಥೆಯ ‘ಸೈಬರ್‌ಪಂಕ್ ೨೦೭೭’ ಆಟಕ್ಕೆ ೨೦೨೦ರ ಡಿಸೆಂಬರ್ ೧೦ರ ಬಿಡುಗಡೆಗೆ ಮುಂಚೆಯೇ ಸುಮಾರು ೮೦ ಲಕ್ಷ ಮುಂಗಡ ಖರೀದಿಗಳಾಗಿದ್ದುವು. ಹಳೆಯ ಕನ್ಸೋಲ್‌ಗಳಲ್ಲಿ ಆಟ ಹೇಗೆ ನಡೆಯುವುದೆಂಬುದನ್ನು ತೋರಿಸುವ ಪ್ರತಿಗಳು ಬಿಡುಗಡೆಗೆ ಮೊದಲು ವಿಮರ್ಶಕರ ಕೈಗೆ ಬಂದಿರಲಿಲ್ಲ. ಬಿಡುಗಡೆಯ ತರುವಾಯ ದೋಷಗಳು ಬಯಲಾಗಿ, ಅದೇ ತಿಂಗಳಲ್ಲಿ ಸೋನಿ ತನ್ನ ಅಂಗಡಿಯಿಂದ ಆ ಆಟವನ್ನು ತೆಗೆದುಹಾಕಿತು. ಮತ್ತೆ ಅದು ಅಲ್ಲಿಗೆ ಮರಳಿದುದು ೨೦೨೧ರ ಜೂನ್‌ನಲ್ಲಿ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರೆಂದು ಕೊಂಡವರನ್ನು ದೂರಬಹುದಾದರೂ, ನೋಡಲು ಅವರಿಗೆ ಏನನ್ನೂ ತೋರಿಸಿರಲಿಲ್ಲ ಎಂಬುದನ್ನು ಮರೆಯಲಾಗದು.

ಇನ್ನು, ಮತಕ್ಕೆ ಅರ್ಥ ನಿಶ್ಚಿತ. ಇಂಥವನಿಗೆ ಹಾಕಿದೆನೆಂದರೆ ಇಂಥವನಿಗೇ. ಕೊಳ್ಳದಿರುವುದು ಒಂದು ಅಭಾವ. ಅಭಾವದಿಂದ ಅದರ ಕಾರಣವನ್ನು ಊಹಿಸುವುದು ಕಷ್ಟ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸುವುದು ವ್ಯಭಿಚಾರಿಯಾದ ಹೇತುವೆಂದು ತಾರ್ಕಿಕರು ಹೇಳುತ್ತಾರೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಅಂತೆಯೇ, ಅಸಮಾಧಾನದಿಂದ ಮಾರಾಟ ಕುಸಿಯಬಹುದು. ಆದರೆ ಮಾರಾಟ ಕುಸಿದುದರಿಂದ ಇಂಥದೇ ಅಸಮಾಧಾನವೆಂದು ಊಹಿಸಲಾಗದು. ‘ಕಾನ್‌ಕಾರ್ಡ್’ ಸೋತಾಗ, ಇತರರು ಪುಕ್ಕಟೆ ಕೊಡುವ ಬಗೆಯ ಆಟಕ್ಕೆ ೪೦ ಡಾಲರ್ ಬೆಲೆಯಿಟ್ಟುದೇ ಕಾರಣವೆಂದು ಕೆಲವರು, ಪಾತ್ರಗಳು ಮನಸ್ಸಿಗೆ ಹಿಡಿಸಲಿಲ್ಲವೆಂದು ಕೆಲವರು, ಪ್ರಚಾರ ಸಾಲದೆಂದು ಇನ್ನು ಕೆಲವರು ಹೇಳಿದರು. ಬೆಲೆಯೇ ಕಾರಣವೆಂದು ತಿಳಿದ ಪ್ರಕಾಶಕನು ಮುಂದಿನ ಆಟವನ್ನು ಪುಕ್ಕಟೆ ಕೊಟ್ಟು, ಒಳಗೆ ಅದೃಷ್ಟದ ಪೆಟ್ಟಿಗೆಗಳನ್ನು ಮಾರಿದರೆ ಅದೂ ಗ್ರಾಹಕನ ‘ಮತ’ಕ್ಕೆ ಕೊಟ್ಟ ಮನ್ನಣೆಯೇ ಆಗುತ್ತದೆ!

೪

ಇನ್ನು ಪ್ರಸಿದ್ಧವಾದ ಕೆಲವು ಪ್ರಸಂಗಗಳನ್ನು ಪರಿಶೀಲಿಸೋಣ. ೨೦೦೬ರಲ್ಲಿ ಬೆಥೆಸ್ಡ ಸಂಸ್ಥೆ ‘ಓಬ್ಲಿವಿಯನ್’ ಆಟದೊಳಗಿನ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಾಟಕ್ಕಿಟ್ಟಿತು. ಅಲಂಕಾರಕ್ಕಲ್ಲದೆ ಹೆಚ್ಚಿನ ಪ್ರಯೋಜನಕ್ಕೆ ಬಾರದ ಈ ಸರಕನ್ನು ಆಟಗಾರರು ಬಹುಕಾಲ ಹಾಸ್ಯಮಾಡಿದರು. ಆದರೂ ಅದನ್ನು ಕೊಂಡವರಿದ್ದರು. ಆಟದೊಳಗೆ ಬಿಡಿಬಿಡಿಯಾಗಿ ಸರಕು ಮಾರುವ ಪದ್ಧತಿ ಆಮೇಲೆ ಬೆಳೆಯಿತೇ ಹೊರತು ಕುಗ್ಗಲಿಲ್ಲ. ೨೦೦೯ರಲ್ಲಿ ಆಕ್ಟಿವಿಷನ್ ಸಂಸ್ಥೆಯ ‘ಮಾಡರ್ನ್ ವಾರ್‌ಫೇರ್ ೨’ ಆಟದ ಕಂಪ್ಯೂಟರ್ ಆವೃತ್ತಿಯಲ್ಲಿ ಆಟಗಾರರೇ ನಡೆಸಬಹುದಾಗಿದ್ದ ಸರ್ವರ್‌ಗಳ ಸೌಕರ್ಯವನ್ನು ತೆಗೆದುಹಾಕಿದಾಗ ಬಹಿಷ್ಕಾರದ ಕೂಟವೊಂದು ಹುಟ್ಟಿತು. ಆಟ ಬಿಡುಗಡೆಯಾದಾಗ ಆ ಕೂಟದ ಸದಸ್ಯರಲ್ಲಿ ಅನೇಕರು ಅದೇ ಆಟವನ್ನು ಆಡುತ್ತಿದ್ದುದನ್ನು ತೋರಿಸುವ ಚಿತ್ರ ಎಲ್ಲೆಡೆ ಹರಡಿತು. ಮೊದಲ ಐದು ದಿನಗಳಲ್ಲಿ ಆ ಆಟದ ಮಾರಾಟ ೫೫ ಕೋಟಿ ಡಾಲರುಗಳಾಯಿತೆಂದು ಪ್ರಕಾಶಕರು ಸಾರಿದರು.

ಈ ಚಿತ್ರವನ್ನು ತೋರಿಸಿ ಆಟಗಾರರ ಚಂಚಲತೆಯನ್ನು ಹಳಿಯುವುದು ಸುಲಭ. ಆದರೆ ಮ್ಯಾನ್ಸರ್ ಓಲ್ಸನ್ ಅವರು ೧೯೬೫ರ ತಮ್ಮ ಗ್ರಂಥದಲ್ಲಿ ವಿವರಿಸಿದ ತೊಡಕು ಇಲ್ಲಿಯೂ ಇದೆ. ಒಬ್ಬನು ಕೊಳ್ಳದಿದ್ದರೆ ಪ್ರಕಾಶಕನಿಗೆ ನಷ್ಟ ಎಣಿಕೆಗೆ ಬಾರದಷ್ಟು. ಅವನಿಗಾದರೋ ಗೆಳೆಯರೊಡನೆ ಆಡುವ ಸುಖ ಪೂರ್ತಿಯಾಗಿ ತಪ್ಪುತ್ತದೆ. ಎಲ್ಲರೂ ತಡೆದುಕೊಂಡರೆ ಲಾಭ ಎಲ್ಲರಿಗೂ. ತಡೆದುಕೊಂಡವನು ಒಬ್ಬನೇ ಆದರೆ ನಷ್ಟ ಅವನೊಬ್ಬನಿಗೆ. ಇದು ವ್ಯಕ್ತಿಯ ದೌರ್ಬಲ್ಯವೆಂಬುದಕ್ಕಿಂತ ಸನ್ನಿವೇಶದ ಕಟ್ಟು ಎನ್ನುವುದು ಉಚಿತ.

ಇದಕ್ಕೆ ಇನ್ನೊಂದು ಕಟ್ಟೂ ಸೇರಿದೆ. ಸಂತೆಯಲ್ಲಿ ಒಬ್ಬನ ಅಕ್ಕಿ ಸರಿಯಿಲ್ಲದಿದ್ದರೆ ಪಕ್ಕದವನ ಅಕ್ಕಿಯನ್ನು ಕೊಳ್ಳಬಹುದು. ಆಟಗಳಿಗೆ ಹಾಗೆ ಬದಲಿ ಸಿಗದು. ೨೦೧೩ರ ಒಪ್ಪಂದದಿಂದ ‘ಸ್ಟಾರ್ ವಾರ್ಸ್’ ಕಥಾಲೋಕದ ಕನ್ಸೋಲ್ ಆಟಗಳನ್ನು ತರುವ ಹಕ್ಕು ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯದಾಗಿದ್ದಾಗ, ಆ ಲೋಕವನ್ನೇ ಬಯಸುವವನು ಬೇರೆಲ್ಲಿಗೂ ಹೋಗುವಂತಿರಲಿಲ್ಲ. ಬದಲಿ ಇದ್ದೆಡೆ ಫಲ ಬೇರೆಯಾಗುತ್ತದೆಂಬುದಕ್ಕೆ ಅದೇ ವರ್ಷದ ಇನ್ನೊಂದು ಪ್ರಸಂಗ ಸಾಕ್ಷಿ. ಮೈಕ್ರೋಸಾಫ್ಟ್ ತನ್ನ ‘ಎಕ್ಸ್‌ಬಾಕ್ಸ್ ಒನ್’ ಯಂತ್ರವನ್ನು ಪರಿಚಯಿಸಿದಾಗ, ದಿನಕ್ಕೊಮ್ಮೆಯಾದರೂ ಅಂತರ್ಜಾಲಕ್ಕೆ ಜೋಡಿಸಬೇಕೆಂದೂ ಹಳೆಯ ಆಟಗಳ ಮರುಮಾರಾಟಕ್ಕೆ ನಿರ್ಬಂಧವಿದೆಯೆಂದೂ ತಿಳಿದುಬಂದು ಕೋಲಾಹಲವಾಯಿತು. ಜೂನ್ ೧೦ರಂದು ಸೋನಿ ತನ್ನ ಯಂತ್ರಕ್ಕೆ ಇಂಥ ನಿರ್ಬಂಧಗಳಿಲ್ಲವೆಂದು ಸಾರಿ, ಎದುರಾಳಿಯ ೪೯೯ ಡಾಲರಿಗೆ ಪ್ರತಿಯಾಗಿ ೩೯೯ ಡಾಲರ್ ಬೆಲೆಯನ್ನು ಹೇಳಿತು. ಜೂನ್ ೧೯ರಂದು ಮೈಕ್ರೋಸಾಫ್ಟ್ ನಿರ್ಬಂಧಗಳನ್ನು ಹಿಂತೆಗೆದುಕೊಂಡಿತು. ಯಂತ್ರ ಅಂಗಡಿಗೆ ಬರಲು ಇನ್ನೂ ಐದು ತಿಂಗಳಿತ್ತು. ಇಲ್ಲಿ ಕೆಲಸಮಾಡಿದುದು ನಡೆದ ಖರೀದಿಯಲ್ಲ. ಎದುರಿಗೆ ಇನ್ನೊಂದು ಬಾಗಿಲು ತೆರೆದಿದೆಯೆಂಬ ಭಯ.

೫

ಆಲ್ಬರ್ಟ್ ಹರ್ಷ್‌ಮನ್ ಅವರು ೧೯೭೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅತೃಪ್ತನಾದವನಿಗೆ ಇರುವ ಉಪಾಯಗಳನ್ನು ನಿರ್ಗಮನ ಮತ್ತು ದನಿ ಎಂದು ವಿಂಗಡಿಸಿದ್ದಾರೆ. ಬಿಟ್ಟುಹೋಗುವುದು ಒಂದು, ಇದ್ದು ಕೇಳುವುದು ಇನ್ನೊಂದು. ‘ಕೊಳ್ಳಬೇಡಿ’ ಎಂಬ ಉಪದೇಶ ನಿರ್ಗಮನವನ್ನು ಮಾತ್ರ ಬಲ್ಲುದು. ದನಿಯನ್ನು ಅದು ಗೊಣಗಾಟವೆಂದು ತಳ್ಳಿಹಾಕುತ್ತದೆ. ಆದರೆ ಪ್ರಕಾಶಕರು ನಿಜವಾಗಿ ಹಿಂಜರಿದ ಪ್ರಸಂಗಗಳನ್ನು ನೋಡಿದರೆ ದನಿಯ ಪಾತ್ರವೇ ಹಿರಿದಾಗಿ ಕಾಣುತ್ತದೆ.

೨೦೧೭ರ ನವೆಂಬರ್‌ನಲ್ಲಿ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ ೨’ ಆಟದಲ್ಲಿ ಡಾರ್ತ್ ವೇಡರ್ ಮೊದಲಾದ ಪಾತ್ರಗಳನ್ನು ಪಡೆಯಲು ಆಟದೊಳಗಿನ ೬೦,೦೦೦ ನಾಣ್ಯಗಳು ಬೇಕೆಂದು ಗೊತ್ತಾಯಿತು. ಹಣ ಕೊಟ್ಟು ‘ಲೂಟ್ ಬಾಕ್ಸ್’ ಎಂಬ ಅದೃಷ್ಟದ ಪೆಟ್ಟಿಗೆಗಳನ್ನು ಕೊಳ್ಳುವವರಿಗೆ ದಾರಿ ಹತ್ತಿರವಿತ್ತು. ರೆಡಿಟ್ ತಾಣದಲ್ಲಿ ಪ್ರಕಾಶಕರು ಕೊಟ್ಟ ಸಮಜಾಯಿಷಿಗೆ ಆರು ಲಕ್ಷಕ್ಕೂ ಮಿಕ್ಕು ವಿರೋಧದ ಗುರುತುಗಳು ಬಿದ್ದುವು. ಸಂಖ್ಯೆಯನ್ನು ೧೫,೦೦೦ಕ್ಕೆ ಇಳಿಸಿದರೂ ಗದ್ದಲ ಅಡಗಲಿಲ್ಲ. ವಿಧ್ಯುಕ್ತ ಬಿಡುಗಡೆಯ ಹಿಂದಿನ ದಿನ, ನವೆಂಬರ್ ೧೬ರಂದು, ಹಣದ ಮಾರಾಟವನ್ನು ನಿಲ್ಲಿಸಲಾಯಿತು. ಕಥಾಲೋಕದ ಒಡೆಯರಾದ ಡಿಸ್ನಿ ಸಂಸ್ಥೆಯವರು ಅಸಮಾಧಾನ ಸೂಚಿಸಿದರೆಂದು ಆಗ ವರದಿಗಳು ಬಂದುವು. ವರ್ಷಾಂತ್ಯದ ತ್ರೈಮಾಸಿಕದಲ್ಲಿ ಒಂದು ಕೋಟಿ ಪ್ರತಿಗಳ ನಿರೀಕ್ಷೆಗೆ ಪ್ರತಿಯಾಗಿ ೯೦ ಲಕ್ಷ ಪ್ರತಿಗಳು ಹೋದುವು. ಕೊಳ್ಳದವರು ಇದ್ದರೆಂಬುದು ಇದರಿಂದ ಸಿದ್ಧ. ಆದರೆ ಆ ಲೆಕ್ಕ ಬರುವ ಮೊದಲೇ ನಿರ್ಧಾರ ಬದಲಾಗಿತ್ತು.

೨೦೨೪ರ ಮೇ ತಿಂಗಳಲ್ಲಿ ‘ಹೆಲ್‌ಡೈವರ್ಸ್ ೨’ ಆಟವನ್ನು ಕಂಪ್ಯೂಟರಿನಲ್ಲಿ ಆಡುತ್ತಿದ್ದವರು ಸೋನಿಯ ಖಾತೆಯನ್ನು ಕಡ್ಡಾಯವಾಗಿ ತೆರೆಯಬೇಕೆಂದು ಹೇಳಲಾಯಿತು. ಅಂಥ ಖಾತೆಯ ಸೌಲಭ್ಯವೇ ಇಲ್ಲದ ದೇಶಗಳವರೂ ಆಟವನ್ನು ಕೊಂಡಿದ್ದರು. ಎಲ್ಲರೂ ಹಣ ಕೊಟ್ಟು ಮುಗಿಸಿದ್ದವರೇ. ‘ಕೊಳ್ಳಬೇಡಿ’ ಎನ್ನಲು ಕಾಲ ಮಿಂಚಿತ್ತು. ಅವರು ಸ್ಟೀಮ್ ಅಂಗಡಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಪ್ರತಿಕೂಲ ವಿಮರ್ಶೆಗಳನ್ನು ಬರೆದರು; ಹಣ ವಾಪಸು ಕೇಳಿದರು. ಕೆಲವೇ ದಿನಗಳಲ್ಲಿ ಆಜ್ಞೆ ಹಿಂದೆ ಹೋಯಿತು. ಆದರೂ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ ‘ಗಾಡ್ ಆಫ್ ವಾರ್ ರಾಗ್ನರಾಕ್’ ಆಟದ ಕಂಪ್ಯೂಟರ್ ಆವೃತ್ತಿಯಲ್ಲಿ ಅದೇ ನಿಬಂಧನೆ ಮರಳಿ ಕಾಣಿಸಿಕೊಂಡಿತು. ಅದನ್ನು ಐಚ್ಛಿಕಗೊಳಿಸಿದುದು ೨೦೨೫ರ ಜನವರಿಯಲ್ಲಿ. ದನಿಯೂ ಒಂದೇ ಸಲಕ್ಕೆ ಫಲಿಸದೆಂಬುದನ್ನು ಇದರಿಂದ ತಿಳಿಯಬಹುದು.

ದನಿಯೂ ಮುಟ್ಟದೆಡೆ ಕಾನೂನು ಮುಟ್ಟುವುದುಂಟು. ‘ಬ್ಯಾಟಲ್‌ಫ್ರಂಟ್ ೨’ರಲ್ಲಿ ಹಿಂಜರಿದ ಅದೇ ಪ್ರಕಾಶಕರು ಫುಟ್‌ಬಾಲ್ ಆಟಗಳಲ್ಲಿ ಅದೃಷ್ಟದ ಪೊಟ್ಟಣಗಳನ್ನು ಮಾರುತ್ತಲೇ ಇದ್ದರು, ೨೦೨೧ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ‘ಅಲ್ಟಿಮೇಟ್ ಟೀಮ್’ ವಿಭಾಗದಿಂದ ಬಂದ ಆದಾಯ ಸುಮಾರು ೧೬೨ ಕೋಟಿ ಡಾಲರ್. ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು ೨೦೧೮ರ ಏಪ್ರಿಲ್‌ನಲ್ಲಿ ಇಂಥ ಪೆಟ್ಟಿಗೆಗಳು ಜೂಜೆಂದು ತೀರ್ಮಾನಿಸಿದ ಮೇಲೆ, ೨೦೧೯ರ ಜನವರಿಯ ಕೊನೆಗೆ ಆ ದೇಶದಲ್ಲಿ ಮಾತ್ರ ಅದಕ್ಕೆ ಬೇಕಾದ ಅಂಕಗಳ ಮಾರಾಟ ನಿಂತಿತು. ನೆದರ್ಲೆಂಡ್ಸಿನಲ್ಲಿ ವಿಧಿಸಿದ್ದ ಒಂದು ಕೋಟಿ ಯೂರೋ ದಂಡವನ್ನು ೨೦೨೨ರಲ್ಲಿ ಅಲ್ಲಿಯ ಉಚ್ಚ ನ್ಯಾಯಪೀಠ ರದ್ದುಮಾಡಿತಾದ್ದರಿಂದ, ಕಾನೂನು ಎಲ್ಲೆಡೆ ಒಂದೇ ತೆರನಾಗಿ ನಡೆಯುವುದೆಂದು ನಾವು ಹೇಳಲಾರೆವು. ಆದರೆ ಒಂದೇ ಆಟ, ಒಂದೇ ಬಗೆಯ ಆಟಗಾರರು. ಬೆಲ್ಜಿಯಂನಲ್ಲಿ ನಿಂತುದು ಇತರ ಕಡೆ ನಡೆಯಿತು. ಈ ವ್ಯತ್ಯಾಸಕ್ಕೆ ಖರೀದಿಯ ಆಯ್ಕೆ ಕಾರಣವಲ್ಲವೆಂಬುದು ಸ್ಪಷ್ಟ.

೬

ಕೊನೆಯದಾಗಿ ‘ಕೊಳ್ಳು’ ಎಂಬ ಧಾತುವನ್ನೇ ವಿಚಾರಿಸಬೇಕಾಗಿದೆ. ಯೂಬಿಸಾಫ್ಟ್ ಸಂಸ್ಥೆ ೨೦೧೪ರಲ್ಲಿ ತಂದ ‘ದಿ ಕ್ರೂ’ ಎಂಬ ಕಾರೋಟದ ಆಟ ಸರ್ವರ್ ಇಲ್ಲದೆ ನಡೆಯುವಂತಿರಲಿಲ್ಲ. ೨೦೨೪ರ ಮಾರ್ಚ್ ೩೧ರಂದು ಸರ್ವರ್ ಮುಚ್ಚಿತು. ಹಣ ಕೊಟ್ಟವರ ಬಳಿಯಿದ್ದ ಆಟ ನಿರರ್ಥಕವಾಯಿತು. ಹತ್ತು ವರ್ಷದ ಹಿಂದೆ ಕೊಂಡವನು ಇಂದು ತನ್ನ ‘ಮತ’ವನ್ನು ಹಿಂತೆಗೆದುಕೊಳ್ಳುವುದೆಂತು? ಇದನ್ನು ವಿರೋಧಿಸಿ ರಾಸ್ ಸ್ಕಾಟ್ ಎಂಬವರು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿಯನ್ನು ಆರಂಭಿಸಿದರು. ಅದರ ಅಂಗವಾಗಿ ಯೂರೋಪಿಯನ್ ಒಕ್ಕೂಟದ ನಾಗರಿಕರು ಸಲ್ಲಿಸಿದ ಮನವಿಗೆ ೨೦೨೫ರ ಜುಲೈ ವೇಳೆಗೆ ಹತ್ತು ಲಕ್ಷಕ್ಕೂ ಮಿಕ್ಕು ಸಹಿಗಳು ಬಿದ್ದುವು. ಈ ನಡುವೆ ೨೦೨೪ರ ಸೆಪ್ಟೆಂಬರ್‌ನಲ್ಲಿ, ಅದೇ ಮಾಲಿಕೆಯ ಮುಂದಿನ ಆಟಗಳಿಗೆ ಸರ್ವರ್ ಇಲ್ಲದೆಯೂ ಆಡುವ ಏರ್ಪಾಡು ಮಾಡುವುದಾಗಿ ಪ್ರಕಾಶಕರು ಪ್ರಕಟಿಸಿದರು.

ಕ್ಯಾಲಿಫೋರ್ನಿಯ ರಾಜ್ಯದಲ್ಲಿ ೨೦೨೫ರ ಜನವರಿ ೧ರಿಂದ ಜಾರಿಗೆ ಬಂದ ಕಾಯಿದೆಯು ಇಂಥ ಸರಕುಗಳನ್ನು ಮಾರುವವರಿಗೆ ಒಂದು ನಿಯಮ ಹಾಕಿದೆ: ಕೊಡುವುದು ಬರಿಯ ಪರವಾನಗಿಯಾಗಿದ್ದಲ್ಲಿ, ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಪದವನ್ನು ಬಳಸಕೂಡದು. ಶಬ್ದಾರ್ಥವನ್ನು ವಿಚಾರಿಸುವ ನಮ್ಮಂಥವರಿಗೆ ಇದು ಗಮನಾರ್ಹ. ‘ಕೊಳ್ಳುವುದೇ ಮತ’ ಎಂಬಲ್ಲಿ ‘ಮತ’ ಮಾತ್ರವಲ್ಲ, ‘ಕೊಳ್ಳುವುದು’ ಎಂಬುದೂ ಲಾಕ್ಷಣಿಕವಾಗಿಬಿಟ್ಟಿದೆಯೆಂದು ಶಾಸನವೇ ಒಪ್ಪಿದಂತಾಯಿತು. ಎರಡು ಕಡೆಯೂ ವಾಚ್ಯಾರ್ಥ ಉಳಿಯದ ಮಾತಿನಿಂದ ಒಬ್ಬನ ಮೇಲೆ ಅಪರಾಧ ಹೊರಿಸುವುದು ತರವಲ್ಲ.

೭

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿಷ್ಟು. ಕೊಳ್ಳುವವರ ಆಯ್ಕೆ ಪ್ರಕಾಶಕರನ್ನು ಪ್ರಭಾವಿಸುತ್ತದೆ; ಆದರೆ ಅದು ಫಲಿಸುವುದು ಮೂರು ಆಸರೆಗಳಿದ್ದಾಗ. ಹೋಗಲು ಬೇರೆ ಬಾಗಿಲಿರಬೇಕು, ಕಾರಣವನ್ನು ತಿಳಿಸುವ ದನಿ ಜೊತೆಗಿರಬೇಕು, ಹಿಂದಿರುಗಿಸುವ ಹಕ್ಕಿರಬೇಕು. ಈ ಮೂರನೆಯದು ಬರಿಯ ಮಾರುಕಟ್ಟೆಯ ಕೊಡುಗೆಯಲ್ಲ. ವ್ಯಾಲ್ವ್ ಸಂಸ್ಥೆ ತನ್ನ ಸ್ಟೀಮ್ ಅಂಗಡಿಯಲ್ಲಿ ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಹಿಂತಿರುಗಿಸುವ ಪದ್ಧತಿಯನ್ನು ೨೦೧೫ರ ಜೂನ್‌ನಲ್ಲಿ ತಂದಾಗ, ಅದರ ಹಿಂದಿನ ನಿಯಮಗಳ ಮೇಲೆ ಆಸ್ಟ್ರೇಲಿಯದ ಗ್ರಾಹಕ ಆಯೋಗ ಹೂಡಿದ್ದ ಮೊಕದ್ದಮೆ ಅಲ್ಲಿಯ ನ್ಯಾಯಾಲಯದಲ್ಲಿ ನಡೆಯುತ್ತಿತ್ತು. ೨೦೧೬ರಲ್ಲಿ ತೀರ್ಪು ಸಂಸ್ಥೆಗೆ ವಿರುದ್ಧವಾಗಿ, ೩೦ ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಬಿದ್ದಿತು.

ಆದುದರಿಂದ, ತನಗೆ ಒಪ್ಪಿಗೆಯಾಗದ ಆಟವನ್ನು ಕೊಳ್ಳದೆ ಬಿಡುವ ವಿದ್ಯಾರ್ಥಿಯನ್ನು ನಾವು ಮೆಚ್ಚುತ್ತೇವೆ. ಅದು ಅವನ ಆತ್ಮಗೌರವಕ್ಕೆ ಸಂಬಂಧಿಸಿದುದು. ಅಷ್ಟರಮಟ್ಟಿಗೆ ಅದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ. ಆದರೆ ಅಷ್ಟರಿಂದಲೇ ಲೋಕ ತಿದ್ದೀತೆಂದು ಅವನು ನಂಬಬೇಕಾಗಿಲ್ಲ. ತಿದ್ದದಿದ್ದರೆ ತಪ್ಪು ತನ್ನದೆಂದೋ, ಅದೇ ಆಟವನ್ನು ಕೊಂಡ ಗೆಳೆಯನದೆಂದೋ ಭಾವಿಸಬೇಕಾಗಿಯೂ ಇಲ್ಲ. ಕೊಳ್ಳದಿರುವುದರ ಜೊತೆಗೆ ಏಕೆ ಕೊಳ್ಳಲಿಲ್ಲವೆಂಬುದನ್ನು ಹೇಳುವುದೂ, ಹೇಳಿದುದನ್ನು ಕೇಳಿಸಿಕೊಳ್ಳಬೇಕಾದ ಕಾನೂನನ್ನು ಬೇಡುವುದೂ ಅವನ ಹಕ್ಕು. ಮತವೆಂಬ ಪದವನ್ನು ಅದರ ವಾಚ್ಯಾರ್ಥದಲ್ಲಿ ಬಳಸಬಹುದಾದ ಸ್ಥಾನ ಅದು.